ಮುಳುಗಿದ ಕಾಡಿನ ಬದಲಿಗೆ ನಮ್ಮ ಕಾವಲು

ಎಲ್ಲೋ ದೂರದ ಘಟ್ಟದಲ್ಲಿ ಕರೆಂಟಿಗೆಂದು ಅಣೆಕಟ್ಟೆ ಕಟ್ಟಿದರು, ಕಾಡು ಮುಳುಗಿತು. ಅದರ ದಂಡ ತೆತ್ತವನು ನಮ್ಮಪ್ಪ. ಇದನ್ನು ನಯವಾಗಿ ಹೇಳಲು ನನಗೆ ಬರುವುದಿಲ್ಲ. ಇಷ್ಟು ವರ್ಷವಾದರೂ ಸಿಟ್ಟು ಆರಿಲ್ಲ, ಅರ್ಧ ಅವರ ಮೇಲೆ, ಅರ್ಧ ನನ್ನ ಮೇಲೇ.

ನಮ್ಮೂರು ಮಧುಗಿರಿ ತಾಲ್ಲೂಕಿನ ಪೂರ್ವದ ಅಂಚಿನಲ್ಲಿದೆ. ಊರಾಚೆಗೆ ಕಾವಲು, ದನಕುರಿ ಮೇಯುವ ಬಯಲು. ಮರ ಎನ್ನುವಂಥದ್ದೇನೂ ಇರಲಿಲ್ಲ. ಕಣ್ಣು ಹಾಯಿಸಿದಷ್ಟೂ ಹುಲ್ಲು, ಅಲ್ಲೊಂದು ಇಲ್ಲೊಂದು ತಂಗಡಿ ಗಿಡ. ಅಪ್ಪನ ಎಂಬತ್ತು ಕುರಿ ಮೇಯುತ್ತಿದ್ದುದು ಅಲ್ಲೇ, ಜಿಂಕೆಗಳು, ಅಂದರೆ ಬಯಲಿನ ಕೃಷ್ಣಮೃಗಗಳು, ಮೇಯುತ್ತಿದ್ದುದೂ ಅಲ್ಲೇ. ನಡುವೆ ಒಂದು ತಗ್ಗಿತ್ತು. ಬೇಸಿಗೆಯಲ್ಲೂ ಅಲ್ಲಿ ಹಸಿರು ನಿಲ್ಲುತ್ತಿತ್ತು. ನಮ್ಮ ಕುರಿಗಳು ಈಯಲು ಆ ತಗ್ಗಿಗೇ ಹೋಗುತ್ತಿದ್ದವು, ಜಿಂಕೆಗಳೂ ಮರಿಗಳನ್ನು ಅದೇ ಹುಲ್ಲಿನಲ್ಲಿ ಬಚ್ಚಿಡುತ್ತಿದ್ದವು. ಒಂದಕ್ಕೊಂದು ತಂಟೆಯಿರಲಿಲ್ಲ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಐದಾರು ವರ್ಷವಾಗಿದ್ದರೂ ಮನೆಯಲ್ಲೇ ಬಿದ್ದಿದ್ದೆ. ಕುರಿ ಹಿಂದೆ ಹೋಗಲು ನಾಚಿಕೆ, ಓದಿದವನಲ್ಲವೇ! ಅರಣ್ಯದವರು ಬಂದು ಕಾವಲಿನಲ್ಲಿ ಗಿಡ ನೆಡುತ್ತೇವೆ, ಓದು ಬಲ್ಲ ವಾಚರ್ ಒಬ್ಬ ಬೇಕು ಎಂದಾಗ ಕುಣಿದುಕೊಂಡು ಹೋಗಿ ಸೇರಿದೆ. ಖಾಕಿ ಷರಟು ಕೊಟ್ಟರು. ಅದನ್ನು ಹಾಕಿಕೊಂಡು ಕೆಲಸವಿಲ್ಲದಿದ್ದರೂ ಊರೆಲ್ಲ ಸುತ್ತಿದೆ.

ರೇಂಜರ್ ಊರವರನ್ನು ಕೂರಿಸಿಕೊಂಡು ವಿವರಿಸಿದರು. "ಡ್ಯಾಮಿನಲ್ಲಿ ಎಷ್ಟು ಕಾಡು ಮುಳುಗುತ್ತೋ ಅಷ್ಟನ್ನ ಬೇರೆ ಕಡೆ ಬೆಳೆಸಬೇಕು ಅಂತ ಕಾನೂನು. ನಿಮ್ಮ ಕಾವಲು ಬಂಜರು ಅಂತ ದಾಖಲೆಯಲ್ಲಿದೆ. ಇನ್ಮೇಲೆ ಕಾಡಾಗುತ್ತೆ."

ಅಪ್ಪ ಎದ್ದು ನಿಂತ. "ಅಲ್ಲಾ ಸ್ವಾಮಿ, ಅಲ್ಲಿ ಮುಳುಗೋ ಹುಲಿ, ಆನೆ ಎಲ್ಲಾ ಇಲ್ಲಿಗೆ ನಡ್ಕಂಡು ಬತ್ತವಾ? ಅವುಕ್ಕೆ ದಾರಿ ಯಾರು ತೋರುಸ್ತಾರೆ?"

ಎಲ್ಲರೂ ನಕ್ಕರು. ರೇಂಜರೂ ನಕ್ಕರು. ನಗುತ್ತಲೇ ಕೇಳಿದರು: "ಅದಿರಲಿ ಯಜಮಾನ್ರೇ, ಇಡೀ ಕಾವಲಿನಲ್ಲಿ ಬೇಸಿಗೇಲೂ ಹುಲ್ಲು ಒಣಗದಿರೋ ಜಾಗ ಯಾವುದು?"

ನಮ್ಮ ಕುರಿಯವರಲ್ಲಿ ಒಂದು ಕಟ್ಟಳೆಯಿದೆ. ವೈ.ಎನ್.ಹೊಸಕೋಟೆಯ ಕಡೆಯಿಂದ, ಪಾವಗಡ ದಾಟಿ, ತೆಲುಗು ಮಾತಾಡುತ್ತಾ ಮಂದೆ ಹೊಡೆದುಕೊಂಡು ಬಂದವರು ಹುಲ್ಲೆಲ್ಲಿ ಎಂದು ಕೇಳಿದರೆ ಸುಳ್ಳು ಹೇಳುವಂತಿಲ್ಲ. ಹೇಳಿದರೆ ಮಂದೆಯಲ್ಲಿ ಮರಿ ಉಳಿಯುವುದಿಲ್ಲ ಎಂಬ ನಂಬಿಕೆ. ಕೇಳಿದವನಿಗೆ ಕುರಿಯಿದೆಯೋ ಜೀಪಿದೆಯೋ ಎಂದು ಅಪ್ಪ ನೋಡಲಿಲ್ಲ. ಕೋಲು ಹೆಗಲಿಗೇರಿಸಿ ನೇರ ತಗ್ಗಿಗೇ ಕರೆದೊಯ್ದ. ಮಣ್ಣು ಕೆದಕಿ ತೋರಿಸಿದ. "ನೋಡಿ ಸ್ವಾಮಿ, ಬಂಗಾರದಂಥಾ ನೆಲ," ಎಂದು ಬೀಗಿದ.

ನಾನು ಹಿಂದೆಯೇ ನಿಂತಿದ್ದೆ. ಗಿಡ ಬದುಕುವ ಜಾಗವನ್ನೇ ಮೊದಲು ಬೇಲಿಯೊಳಗೆ ಹಾಕುತ್ತಾರೆಂದು ನನಗೆ ಗೊತ್ತಿತ್ತು. ಸುಮ್ಮನಿರಪ್ಪಾ ಎಂದು ಅವನ ತೋಳು ಹಿಡಿದು ಎಳೆಯಬಹುದಿತ್ತು. ಎಳೆಯಲಿಲ್ಲ. ಕೆಲಸ ಹೋದೀತೆಂಬ ಭಯ, ಇನ್ನೇನಿಲ್ಲ. ಥೂ ನನ್ನ ಜನ್ಮಕ್ಕಿಷ್ಟು!

ತಿಂಗಳೊಳಗೆ ತಗ್ಗಿನ ಸುತ್ತ ಕಂದಕ ತೋಡಿದರು, ಮುಳ್ಳುತಂತಿ ಎಳೆದರು, ಒಳಗೆಲ್ಲ ನೀಲಗಿರಿ ನೆಟ್ಟರು. ಗುಂಡಿ ತೋಡುವಾಗ ಹುಲ್ಲಿನಿಂದ ಜಿಂಕೆ ಮರಿಯೊಂದು ಎದ್ದು ತಂತಿಗೆ ಬಿದ್ದು ಮೈ ಹರಿದುಕೊಂಡಿತು. ರೇಂಜರಿಗೆ ಹೇಳಿದೆ. "ಕಾಡು ಬೆಳೀಲಿ ತಡಿಯೋ, ಜಿಂಕೆ ಇನ್ನೂ ಜಾಸ್ತಿ ಆಗ್ತವೆ" ಎಂದರು. ನಾಲ್ಕೂ ದಿಕ್ಕು ಕಂಡರೆ ಮಾತ್ರ ನಿಲ್ಲುವ ಪ್ರಾಣಿ ಅದು, ಮರದ ಸಂದಿಯಲ್ಲಿ ಬಾಳುವಂಥದ್ದಲ್ಲ. ಗಿಡ ಆಳೆತ್ತರ ಬರುವಷ್ಟರಲ್ಲಿ ಒಂದೂ ಇರಲಿಲ್ಲ. ಕೆಲವು ಕಡ್ಲೆಕಾಯಿ ಹೊಲಕ್ಕೆ ನುಗ್ಗಿ ನಾಯಿಗಳ ಬಾಯಿಗೆ ಬಿದ್ದವು. ಎಲ್ಲಿಯದೋ ಪ್ರಾಣಿಗಳ ಲೆಕ್ಕ ಸರಿಮಾಡಲು ಇಲ್ಲಿಯವನ್ನು ಓಡಿಸಿದ ಪುಣ್ಯಾತ್ಮರು ನಾವು.

ಕುರಿಗಳ ಕಥೆ ನಡೆದದ್ದು ಗಿಡ ನೆಟ್ಟ ಮೊದಲನೆಯ ವರ್ಷವೇ. ಈಯುವ ಕಾಲಕ್ಕೆ ಅವು ತಗ್ಗನ್ನು ಹುಡುಕಿಕೊಂಡು ಬಂದವು. ಒಂದು ಬೆಳಿಗ್ಗೆ ನೋಡುತ್ತೇನೆ, ಕಂದಕ ಕುಸಿದು ತಂತಿ ಜೋತ ಕಡೆಯಿಂದ ಅಪ್ಪನ ಅರ್ಧ ಮಂದೆ ಒಳಗಿದೆ, ಸಸಿಗಳನ್ನು ತುಳಿಯುತ್ತಾ ಹುಲ್ಲು ಮೇಯುತ್ತಿದೆ. ಅಂದೇ ರೇಂಜರ್ ಬರುವವರಿದ್ದರು. ಕೋಲು ತೆಗೆದುಕೊಂಡು ಹೊಡೆದೆ, ಅಟ್ಟಾಡಿಸಿದೆ. ಅಪ್ಪ ದೂರದಿಂದ ಓಡಿ ಬಂದ.

"ಲೇ, ಗಬ್ಬದ ಕುರಿ ಕಣ್ಲಾ! ಓಡುಸ್ಬ್ಯಾಡ್ವೋ, ನಿಧಾನುಕ್ಕೆ ಬುಡ್ಲಾ!"

ನಾನು ನಿಲ್ಲಿಸಲಿಲ್ಲ. ಅವು ಕಂದಕಕ್ಕೆ ಒಂದರ ಮೇಲೊಂದು ಬಿದ್ದವು. ಆ ವಾರದಲ್ಲಿ ಏಳು ಕುರಿ ಕಂದು ಹಾಕಿದವು. ಕಣ್ಣೂ ತೆರೆಯದ ಆ ಮರಿಗಳನ್ನು ಅಪ್ಪ ಒಬ್ಬನೇ ಹೂತು ಬಂದ. ಮುಂದಿನ ವಾರ ಶಿರಾದಿಂದ ವ್ಯಾಪಾರಿಯನ್ನು ಕರೆಸಿ ಮಂದೆಯನ್ನು ಪೂರಾ ಮಾರಿ ಹೊಡೆಸಿಕೊಟ್ಟ. ಅವ್ವ ಅತ್ತಳು. ನಾನು ಡ್ಯೂಟಿಯ ನೆಪ ಹೇಳಿ ಮನೆಯಿಂದ ಹೊರಬಿದ್ದೆ.

ಬೇಸಿಗೆಗೆ ಸಸಿಗಳಿಗೆ ನೀರು ಹೊಯ್ಯಲು ಕೂಲಿಯವರು ಬೇಕಾದರು. ಮೊದಲ ದಿನ ಬೆಳಿಗ್ಗೆ ತಗ್ಗಿನಲ್ಲಿ ಸಾಲು ನಿಂತಿತ್ತು. ಹಾಜರಿ ಪುಸ್ತಕ ನನ್ನ ಕೈಯಲ್ಲಿತ್ತು. ತಲೆಯೆತ್ತಿ ನೋಡಿದರೆ ಎದುರಿಗೆ ಅಪ್ಪ.

"ನೀನ್ಯಾಕಪ್ಪಾ ಬಂದೆ? ಮನೆಗೆ ಹೋಗು" ಎಂದೆ, ಯಾರಿಗೂ ಕೇಳದಂತೆ.

ಅವನು ನನ್ನ ಮುಖ ನೋಡಲಿಲ್ಲ, ಷರಟಿನ ಗುಂಡಿ ನೋಡಿದ. ಊರವರೆಲ್ಲರ ಮುಂದೆ, ಧಣಿಗಳಿಗೆ ಮುಗಿಯುವಂತೆ ಕೈಮುಗಿದು ಹೇಳಿದ:

"ಬರ್ಕಳಿ ಬುದ್ದೀ. ಕೂಲಿಗೆ ಬಂದಿವ್ನಿ."

ನಾನು ಬರೆದುಕೊಂಡೆ. ಆಮೇಲೆ ಬದುಕಿದ್ದಷ್ಟು ವರ್ಷವೂ, ಮನೆಯ ಪಡಸಾಲೆಯಲ್ಲಿ ಊಟಕ್ಕೆ ಕೂತಾಗಲೂ, ಅಪ್ಪ ನನ್ನನ್ನು ಬುದ್ದಿ ಎಂದೇ ಕರೆದ.