ಪೂಜೆಗೆ ಇಡದ ಪುಸ್ತಕ

ಬ್ಯಾಂಕಿನ ಕೆಲಸಕ್ಕೆಂದು ನಾಸಿಕದ ಬಾಡಿಗೆ ಕೋಣೆಗೆ ಬಂದ ಮೊದಲ ಶನಿವಾರ. ಫೋನ್ ಬಂತೆಂದು ಓದುತ್ತಿದ್ದ ಕಾದಂಬರಿಯನ್ನು ಕಟ್ಟೆಯ ಮೇಲೆ ಬೋರಲು ಹಾಕಿ ಎದ್ದೆ. ಮನೆಯೊಡತಿ ಒಳಗಿನಿಂದ ಧಾವಿಸಿ ಬಂದು, ಬಿದ್ದ ಕೂಸನ್ನು ಎತ್ತುವ ಹಾಗೆ ಅದನ್ನೆತ್ತಿ ಮುಚ್ಚಿದರು.

"ಹೀಂಗ ಬೋರಲ ಹಾಕಬಾರ್ದು ಪೋರಿ. ಅದಕ್ಕ ಉಸಿರು ಕಟ್ಟತೈತಿ!"

ಧಾರವಾಡದಿಂದ ಇಷ್ಟು ದೂರ ಬಂದು ಹುಬ್ಬಳ್ಳಿಯ ಕನ್ನಡದಲ್ಲಿ ಬೈಸಿಕೊಂಡೆ. ಅವರು ಬೆನೆ ಇಸ್ರಾಯೇಲ್, ಅಂದರೆ ಮನೆಯಲ್ಲಿ ಮರಾಠಿ ಆಡುವ ಯಹೂದಿಗಳು. ಗಂಡನ ರೈಲ್ವೆ ನೌಕರಿಯಿಂದಾಗಿ ಬಹುಕಾಲ ಹುಬ್ಬಳ್ಳಿಯಲ್ಲಿದ್ದರಂತೆ. ಇಲ್ಲಿ ಚಿಕ್ಕಮ್ಮನಂಥವರನ್ನು ಮಾವಶಿ ಎನ್ನುತ್ತಾರೆ. ನಾನೂ ಹಾಗೇ ಕರೆದೆ.

ನಮ್ಮಲ್ಲಿ ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುತ್ತೇವೆ. ಅವರಲ್ಲಿ ಪ್ರಾರ್ಥನೆಯ ಪುಸ್ತಕ ಕೆಳಗೆ ಬಿದ್ದರೆ ಎತ್ತಿ ಮುತ್ತಿಡುತ್ತಾರೆ. ಇಷ್ಟು ಹತ್ತಿರವಲ್ಲವೇ ಎಂದುಕೊಂಡು ನಮ್ಮ ಸರಸ್ವತಿ ಪೂಜೆಯ ಬಗ್ಗೆ ಹೇಳಿದೆ: ಪುಸ್ತಕಗಳನ್ನೆಲ್ಲ ದೇವರ ಮುಂದಿಡುತ್ತೇವೆ, ಅವತ್ತು ಓದುವಂತಿಲ್ಲ.

ಮಾವಶಿ ಬಿದ್ದು ಬಿದ್ದು ನಕ್ಕರು. "ಪೂಜಾ ಮಾಡಿ ಪುಸ್ತಕಾನ್ನ ಉಪಾಸ ಕೆಡವ್ತೀರಿ? ನಮ್ಮಲ್ಲಿ ಧರ್ಮಗ್ರಂಥಾನ್ನ ವರ್ಷಾಪೂರ್ತಿ ಓದಿ ಮುಗಿಸಿದ ದಿನಾನ ಹಬ್ಬ. ಅವತ್ತ ಮತ್ತ ಮೊದಲನೇ ಪಾನದಿಂದ ಶುರು."

ಪಾನ ಎಂದರೆ ಪುಟ.

ಅವರ ತಾಯಿಯದೊಂದು ಮರಾಠಿ ಕೀರ್ತನೆಗಳ ಪುಸ್ತಕವಿತ್ತು. ಅವರ ಧರ್ಮಗ್ರಂಥದ ಕಥೆಗಳೇ, ಆದರೆ ಹರಿದಾಸರು ಹಾಡುವ ಧಾಟಿಯಲ್ಲಿ. ಮಾವಶಿಯ ಕಣ್ಣು ಮಂಜಾಗಿತ್ತು. ಬ್ಯಾಂಕಿಗೆ ರಜೆಯಿದ್ದ ಶನಿವಾರಗಳಲ್ಲಿ ನಾನು ಶಾಲೆಯಲ್ಲಿ ಕಲಿತ ಹಿಂದಿ ಲಿಪಿಯ ಬಲದಿಂದ ಓದುತ್ತಿದ್ದೆ, ಅವರು ತಿದ್ದುತ್ತಿದ್ದರು. "ಬ್ಯಾಂಕಿನ ನೋಟಿಸ್ ಓದಾಕ್ಹತ್ತಿಯೇನ? ಹಾಡು!" ನಾಸಿಕದಲ್ಲಿ ನನಗೆ ಬೇರೆ ಗೆಳತಿಯರಾಗಲಿಲ್ಲ, ಬೇಕೆಂದೂ ಅನ್ನಿಸಲಿಲ್ಲ.

ಆಮೇಲೆ ಇಸ್ರೇಲಿನಲ್ಲಿರುವ ಮಗಳು ಮಾವಶಿಯನ್ನು ಕರೆಸಿಕೊಂಡಳು. ಹೊರಡುವ ಮುನ್ನ ಅವರು ಓದಿ ಓದಿ ಹರಿದ ಪ್ರಾರ್ಥನೆಯ ಪುಸ್ತಕಗಳನ್ನು ಬಿಳಿ ಬಟ್ಟೆಯಲ್ಲಿ ಸುತ್ತಿದರು. ನಾವಾದರೆ ಹೊಳೆಗೆ ಬಿಡುತ್ತೇವೆ. ಅವರು ಸ್ಮಶಾನದಲ್ಲಿ ಮಣ್ಣು ಮಾಡುತ್ತಾರೆ. ಕೀರ್ತನೆಯ ಪುಸ್ತಕ ಮಾತ್ರ ಹೊರಗುಳಿಯಿತು.

"ಇದು ಇನ್ನೂ ಗಟ್ಟಿ ಐತಿ, ಮಣ್ಣಿಗೆ ಹೆಂಗ ಹಾಕ್ಲಿ? ಅಲ್ಲಿ ಮೊಮ್ಮಕ್ಕಳಿಗೆ ಮರಾಠಿ ಬರಂಗಿಲ್ಲ. ನೀನ ಇಟ್ಕೊ. ಆದ್ರ ಪೂಜಾ ಮಾಡಬ್ಯಾಡ. ಓದು."

"ಓದ್ತೀನ್ರಿ," ಎಂದೆ.

ಅದೇ ವರ್ಷ ನನಗೆ ಸಂಭಾಜಿನಗರಕ್ಕೆ ವರ್ಗವಾಯಿತು. ಇಲ್ಲಿ ಕೆಳಗಿನ ಮನೆಯವರು ಒಳ್ಳೆಯವರು. ಜೋಳದ ರೊಟ್ಟಿಗೆ ಭಾಕರಿ ಎನ್ನುತ್ತಾರೆ, ಬಿಸಿಯಿದ್ದಾಗಲೇ ಕೊಡುತ್ತಾರೆ. ಪುಸ್ತಕವನ್ನು ಕೆಂಪು ವಸ್ತ್ರದಲ್ಲಿ ಸುತ್ತಿ ಎತ್ತರದ ಹಲಗೆಯ ಮೇಲಿಟ್ಟೆ. ಧೂಳು ಕೂರಲು ಬಿಡಲಿಲ್ಲ. ತಿದ್ದುವವರಿಲ್ಲದೆ ಓದಲು ಬಾಯಿ ಬರಲಿಲ್ಲ.

ಒಂದು ಭಾನುವಾರ ಮಾವಶಿಯ ಫೋನ್ ಬಂತು. "ಎಲ್ಲೀತನಕ ಬಂತು ಓದು?"

"ಇಲ್ರಿ ಮಾವಶಿ. ಮ್ಯಾಲ ಇಟ್ಟೀನಿ, ಜ್ವಾಕ್ಯಾಗಿ."

"ಹಂಗಾದ್ರ ಮಣ್ಣು ಮಾಡಿದ್ರನ ಚಲೋ ಇತ್ತಲ್ಲ ಪೋರಿ," ಎಂದರು. ಸಿಟ್ಟಿರಲಿಲ್ಲ. ಹಿಂದಿನಿಂದ ಮಗುವೊಂದು ಹೀಬ್ರೂವಿನಲ್ಲಿ ಕರೆಯಿತು. ಅವರು ಅದೇ ಭಾಷೆಯಲ್ಲಿ, ತಡವರಿಸುತ್ತ ಉತ್ತರಿಸಿದರು. ಮಗು ನಗುತ್ತ ಅವರನ್ನು ತಿದ್ದಿತು.

ನವರಾತ್ರಿಯಲ್ಲಿ ಅಮ್ಮನ ಫೋನ್. "ಪುಸ್ತಕ ಎಲ್ಲಾ ಪೂಜಾಕ್ಕ ಇಟ್ಟಿಯೇನವಾ?"

"ಇಟ್ಟೀನಿ," ಎಂದೆ. ನನ್ನ ಕನ್ನಡ ಪುಸ್ತಕಗಳೆಲ್ಲ ಕುಂಕುಮ ಹಚ್ಚಿಸಿಕೊಂಡು ದೇವರ ಮುಂದಿದ್ದವು. ಒಂದು ಮಾತ್ರ ನನ್ನ ಕೈಯಲ್ಲಿತ್ತು. ಓದಬಾರದ ದಿನ, ನನ್ನದಲ್ಲದ ಭಾಷೆಯಲ್ಲಿ, ಮೊದಲನೇ ಪಾನ ತೆರೆದು ಗಟ್ಟಿಯಾಗಿ ಹಾಡಿದೆ. ಎರಡನೆಯ ಸಾಲಿನಲ್ಲೇ ತಪ್ಪಿದೆ. ನಿಲ್ಲಿಸಿ ಕಾದೆ. ಯಾರೂ ಬೈಯಲಿಲ್ಲ.