ಮಾವನ ಕೋವಿ ಠಾಣೆಗೆ ಹೋದದ್ದು

ಹಳೆಯ ಕಬ್ಬಿಣಕ್ಕೆ ನಮ್ಮ ಸೀಮೆಯಲ್ಲಿ ಎರಡೇ ಗತಿ: ಒಂದು ಗುಜರಿ ಅಂಗಡಿ, ಇನ್ನೊಂದು ವಂಶಾವಳಿ. ತುಕ್ಕು ಹಿಡಿದ ಗುದ್ದಲಿ ಮೊದಲನೆಯದರ ಪಾಲಾಗುತ್ತದೆ. ಅದೇ ತುಕ್ಕು ಒಂದು ಕೊಳವೆಗೆ ಹಿಡಿದು, ಆ ಕೊಳವೆಯ ಹಿಂಬದಿಗೆ ಒಂದು ಮರದ ತುಂಡು ಅಂಟಿಕೊಂಡಿದ್ದರೆ ಸಾಕು, ಅದು ಸುಲ್ತಾನರ ಕಾಲದ ಕೋವಿಯಾಗುತ್ತದೆ. ಅದನ್ನು ಹಿಡಿದಿದ್ದವನು ಯಾರೋ ದಳವಾಯಿಯಾಗುತ್ತಾನೆ. ಆ ದಳವಾಯಿ ಹೇಗೋ ಸುತ್ತಿ ಬಳಸಿ ನಮ್ಮ ಮುತ್ತಾತನ ಷಡ್ಡಕನಾಗುತ್ತಾನೆ. ಇಂಥ ಮನೆಗಳಲ್ಲಿ ನೀವೂ ಕಾಫಿ ಕುಡಿದಿರುತ್ತೀರಿ, ತಲೆಯನ್ನೂ ಆಡಿಸಿರುತ್ತೀರಿ. ನಂಜನಗೂಡಿನಿಂದ ನರಸೀಪುರದವರೆಗಿನ ಕೋವಿ ಸಂಗ್ರಾಹಕರೆಲ್ಲ ಹೇಳುವುದನ್ನು ನಂಬುವುದಾದರೆ ಸುಲ್ತಾನರ ಸೈನ್ಯದ ಒಬ್ಬೊಬ್ಬ ಸಿಪಾಯಿಗೂ ಕೈಗೊಂದು, ಕಾಲಿಗೊಂದು ಕೋವಿ ಇದ್ದಿರಬೇಕು. ಅಷ್ಟಿದ್ದೂ ಅವರು ಯುದ್ಧ ಸೋತರೆಂದರೆ, ಆ ಕೋವಿಗಳೂ ನನ್ನ ಸೋದರಮಾವನ ಕೋವಿಯಂತೆಯೇ ಕೆಲಸ ಮಾಡುತ್ತಿದ್ದವೆಂದು ಊಹಿಸಬೇಕಾಗುತ್ತದೆ.

ಸೋದರಮಾವ ಗುರುಸಿದ್ದಪ್ಪನವರದು ನರಸೀಪುರದ ಪೇಟೆಯಲ್ಲಿ ಒಂದು ಜವಳಿ ಅಂಗಡಿ. ಪಂಚೆ ಹರಿಯುವ ಸದ್ದಿಗಿಂತ ದೊಡ್ಡ ಸದ್ದನ್ನು ಜೀವಮಾನದಲ್ಲಿ ಮಾಡದ ಈ ಸಾತ್ವಿಕರಿಗೆ ಆಯುಧವ್ಯಾಮೋಹ ಎಲ್ಲಿಂದ ಅಂಟಿತೋ ಶಿವನೇ ಬಲ್ಲ. ಚಿಕ್ಕಯ್ಯನಛತ್ರದ ಕಡೆ ಯಾರದೋ ಹಳೆ ಮನೆ ಕೆಡವುವಾಗ ಸಿಕ್ಕಿ, ಗುಜರಿಯವನ ತಕ್ಕಡಿಯಲ್ಲಿ ಸೈಕಲ್ ಚೈನುಗಳ ಜೊತೆ ಮಲಗಿದ್ದ ಈ ಚಕಮಕಿ ಕೋವಿಯನ್ನು ಅವರು ತಮ್ಮ ಹಾಲ್‌ಗೆ ತಂದು, ಅದಕ್ಕೆ ಮಾಡತೊಡಗಿದ ಉಪಚಾರಕ್ಕೆ ಜೀರ್ಣೋದ್ಧಾರ ಎಂದು ಹೆಸರಿಟ್ಟರು. ನಾನು ಆ ಹೊತ್ತಿಗೆ ನಂಜನಗೂಡಿನಿಂದ ದಿನವೂ ಮೈಸೂರಿಗೆ ಹೋಗಿ ಕಾನೂನು ಓದುತ್ತಿದ್ದೆ. ಚರ್ಚಾಸ್ಪರ್ಧೆಗಳಲ್ಲಿ ಚೀಟಿಯಲ್ಲಿ ಪರ ಬಂದರೆ ಪರ, ವಿರೋಧ ಬಂದರೆ ವಿರೋಧ, ಎರಡಕ್ಕೂ ಸಮಾನ ಆವೇಶದಿಂದ ಮೇಜು ಗುದ್ದಿ ಫಲಕ ಗೆಲ್ಲುತ್ತಿದ್ದೆ. ತೀರ್ಥ ಕೊಟ್ಟರೂ ಪುರಾವೆ ಕೇಳುವ ಜಾತಿ ಎಂದು ಅಮ್ಮ ನನ್ನನ್ನು ಬಣ್ಣಿಸುತ್ತಿದ್ದರು. ಇಂಥವಳ ಮುಂದೆ ಮಾವ ಆ ಕೋವಿಯನ್ನು ಬಿಚ್ಚಿದ್ದು ಅವರ ಗ್ರಹಚಾರ.

ಮೊದಲು ಅವರು ಮಾಡಿದ್ದು, ನಮ್ಮವರು ಯಾವುದೇ ಹಳೆಯ ಲೋಹ ಕಂಡರೂ ಮಾಡುವ ಕೆಲಸ: ಹುಣಸೆಹಣ್ಣು ಹಚ್ಚಿ ತಿಕ್ಕಿದರು. ದೇವರ ಮನೆಯ ಹಿತ್ತಾಳೆ ದೀಪಕ್ಕೂ ಕೋವಿಯ ನಳಿಗೆಗೂ ಒಂದೇ ಸಂಸ್ಕಾರ. ನಳಿಗೆಯ ಮೇಲೆ ಯಾವುವೋ ಅಕ್ಷರಗಳಿದ್ದವಂತೆ. ತಿಕ್ಕಿದ ರಭಸಕ್ಕೆ ಅವು ಹೋದವು. ಹೋದ ಮೇಲೆ ಅವು ಪಾರಸಿ ಅಕ್ಷರಗಳೆಂದು ಮಾವನಿಗೆ ಖಾತ್ರಿಯಾಯಿತು. ಇದ್ದ ಸಾಕ್ಷಿಯನ್ನು ಸ್ವಹಸ್ತದಿಂದ ತೊಳೆದುಹಾಕಿ, ತೊಳೆದುಹೋದದ್ದನ್ನೇ ಸಾಕ್ಷಿಯಾಗಿ ಮುಂದಿಡುವ ಈ ತರ್ಕವನ್ನು ನಾನು ಯಾವ ವೇದಿಕೆಯಲ್ಲೂ ಎದುರಿಸಿರಲಿಲ್ಲ. ಆಮೇಲೆ ಗೆದ್ದಲು ತಿಂದ ಮರದ ಹಿಡಿಗೆ ಬದಲಾಗಿ ಅತ್ತೆಯ ತವರಿನ ಮಂಚದ ಕಾಲು ಬಂತು. ಸಡಿಲಾದ ಕುದುರೆಗೆ, ಅಂದರೆ ಕಿಡಿ ಹೊಡೆಯುವ ಕೊಕ್ಕೆಗೆ, ಅಂಗಡಿಯ ಹೊಲಿಗೆ ಮಿಷಿನ್ನಿನ ಸ್ಪ್ರಿಂಗು ಕೂತಿತು. ಆ ಕುದುರೆಯ ಬಾಯಿಗೆ ಸಂಗಮದ ಮರಳಿನಲ್ಲಿ ಆರಿಸಿದ ಬೆಣಚುಕಲ್ಲನ್ನು ಕಚ್ಚಿಸಲಾಯಿತು.

“ಮಾವ, ಹಿಡಿ ಅತ್ತೆಯ ಮಂಚದ್ದು, ಸ್ಪ್ರಿಂಗು ಮಿಷಿನ್ನಿಂದು, ಕಲ್ಲು ಹೊಳೇದು. ಹಳೇದು ಅಂತ ಉಳಿದಿರೋದು ನಳಿಗೆ ಒಳಗಿನ ತೂತು ಮಾತ್ರ,” ಎಂದೆ.

“ದೇವಸ್ಥಾನಕ್ಕೆ ಒಸ ಬಾಗ್ಲು ಆಕ್ಸುದ್ರೆ ದೇವ್ರೂ ಒಸದಾಯ್ತದಾ ಕಣಮ್ಮಿ?”

“ಒಳಗೆ ದೇವರಿದ್ರೆ ತಾನೆ?”

“ಮಂಚ ಕುಂಟುದ್ರೂ ಕೋವಿ ನೆಟ್ಗಾಯ್ತಲ್ಲ, ಅಷ್ಟು ಸಾಕು ನಿಮ್ ಮಾವುಂಗೆ,” ಎಂದು ಅಡುಗೆಮನೆಯಿಂದ ಅತ್ತೆ. ಆ ಮನೆಯಲ್ಲಿ ನನಗೆ ಸಿಗುತ್ತಿದ್ದ ಅನುಮೋದನೆಯೆಲ್ಲ ಅಡುಗೆಮನೆಯಿಂದಲೇ.

ಕೋವಿ ಕೆಲಸ ಮಾಡುತ್ತದೆಂದು ನನ್ನ ಬಾಯಿ ಮುಚ್ಚಿಸಲೆಂದೇ ಮಾವ ಒಮ್ಮೆ ನನ್ನನ್ನು ಹದಿನಾರು ಎಂಬ ಊರಿನಲ್ಲಿದ್ದ ಅತ್ತೆಯ ಅಣ್ಣನ ಕೊಯ್ಲಾದ ಗದ್ದೆಗೆ ಕರೆದೊಯ್ದರು. ದೀಪಾವಳಿಯ ಪಟಾಕಿಯಿಂದ ಬಿಡಿಸಿದ ಮದ್ದು ಒಳಗೆ ಹೋಯಿತು. ಗುಂಡು ಹಾಕದಿರುವಷ್ಟು ವಿವೇಕ, ಪುಣ್ಯಕ್ಕೆ, ಉಳಿದಿತ್ತು. ಮಾವ ಕಣ್ಣು ಮುಚ್ಚಿ, ಮುಖ ತಿರುಗಿಸಿ, ಅಂದರೆ ಗುರಿಯ ವಿಷಯದಲ್ಲಿ ಪರಮ ನಿರ್ಲಿಪ್ತರಾಗಿ, ಕುದುರೆ ಎಳೆದರು. ಕಿಡಿ ಹಾರಿತು. ನಳಿಗೆಯ ಪಕ್ಕದಿಂದ ಒಂದಿಷ್ಟು ಹೊಗೆ ಬೇಸರಪಟ್ಟುಕೊಂಡು ಎದ್ದಿತು. ಸದ್ದೆಂದರೆ, ಒದ್ದೆ ಬಟ್ಟೆಯನ್ನು ಒಮ್ಮೆ ಕೊಡವಿದಂತೆ. ಬದುವಿನ ಮೇಲಿದ್ದ ಬೆಳ್ಳಕ್ಕಿಯೊಂದು ಕತ್ತೆತ್ತಿ ನಮ್ಮನ್ನು ನೋಡಿ, ಮತ್ತೆ ಹುಳು ಹುಡುಕತೊಡಗಿತು.

“ಒಗೆ ಬಂತೋ ಇಲ್ವೋ?”

“ಬೀಡಿಯಿಂದಲೂ ಬರುತ್ತೆ ಮಾವ.”

ಅವರು ಆ ದಿನ ನನಗೆ ಬಸ್‌ಸ್ಟ್ಯಾಂಡಿನ ಟೀ ಕೊಡಿಸಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಇದು ಮನೆಯೊಳಗಿನ ಜಗಳವಾಗಿ ಉಳಿಯುತ್ತಿತ್ತು. ಆದರೆ ಚುನಾವಣೆ ಬಂತು. ಚುನಾವಣೆ ಘೋಷಣೆಯಾದೊಡನೆ ಲೈಸೆನ್ಸುಳ್ಳ ಕೋವಿಗಳನ್ನೆಲ್ಲ ಠಾಣೆಯಲ್ಲಿ ಒಪ್ಪಿಸಿ, ಫಲಿತಾಂಶ ಬಂದ ಮೇಲೆ ವಾಪಸು ತರುವುದು ನಿಮಗೆ ಗೊತ್ತಿರುವ ಪದ್ಧತಿ. ನಿಮಗೆ ಗೊತ್ತಿಲ್ಲದ್ದು, ಅದು ನಮ್ಮ ಕಡೆ ಎಂಥ ಪ್ರತಿಷ್ಠೆಯ ಮೆರವಣಿಗೆ ಎಂಬುದು. ಕಬ್ಬಿನ ಗದ್ದೆಗೆ ಹಂದಿ ಬರುತ್ತದೆಂದು ಕೋವಿ ಇಟ್ಟುಕೊಂಡ ರೈತರು, ಹಂದಿಯನ್ನೇ ಕಾಣದ ಸಾಹುಕಾರರು, ಎಲ್ಲರೂ ಇಸ್ತ್ರಿ ಅಂಗಿ ತೊಟ್ಟು, ಕಂಬಳಿಯಲ್ಲಿ ಸುತ್ತಿದ ಕೋವಿಯನ್ನು ಎಳೆಗೂಸಿನಂತೆ ಎತ್ತಿಕೊಂಡು ಬಂದು ಠಾಣೆಯ ಬೆಂಚಿನ ಮೇಲೆ ಕೂರುತ್ತಾರೆ. ಆ ಬೆಂಚು ಮಾವನ ಅಂಗಡಿಯ ಎದುರಿನ ರಸ್ತೆಗೇ ಕಾಣುತ್ತದೆ. ಪ್ರತಿ ಚುನಾವಣೆಗೂ ಅವರು ಅದನ್ನು ನೋಡುತ್ತಿದ್ದರು. ಅವರನ್ನು ಮಾತ್ರ ಯಾರೂ ಕರೆಯುತ್ತಿರಲಿಲ್ಲ. ಸಿಡಿಯದ ಪುರಾತನ ಕೋವಿ ಸರ್ಕಾರದ ದೃಷ್ಟಿಯಲ್ಲಿ ಗೋಡೆಯ ಅಲಂಕಾರ. ಸಿಡಿಯುವುದಾದರೆ ಆಯುಧ, ಅದಕ್ಕೆ ಲೈಸೆನ್ಸು ಬೇಕು. ಲೋಕದಲ್ಲಿ ಪೊಲೀಸರು ಕರೆಯಲಿಲ್ಲವೆಂದು ಕೊರಗಿದ ಏಕಮಾತ್ರ ಗೃಹಸ್ಥರಾದ ನನ್ನ ಮಾವ, ಈ ಸಲ ಕರೆಯುವವರೆಗೆ ಕಾಯದೆ, ಕೋವಿಯನ್ನು ಹೊಸ ಜಮಖಾನದಲ್ಲಿ ಸುತ್ತಿಕೊಂಡು ತಾವೇ ಹೋಗಿ ಬೆಂಚಿನ ತುದಿಯಲ್ಲಿ ಕೂತುಬಿಟ್ಟರು.

ಅತ್ತೆ ಫೋನಿನಲ್ಲಿ ಅತ್ತರು. ನಾನು ನರಸೀಪುರದ ಬಸ್ಸು ಹತ್ತಿದೆ.

ಠಾಣೆಯಲ್ಲಿ ಬೆಂಚು ತುಂಬಿತ್ತು. “ಏನ್ ಗುರ್‌ಸಿದ್ದಪ್ನೋರೆ, ಒನಕೆ ತಂದಿದ್ದೀರಾ? ಬತ್ತ ಕುಟ್ಟಾಕೆ ಇಲ್ಲಿ ಒರಳಿಲ್ವಲ್ಲ!” ಎಂದು ಒಬ್ಬ ಗೌಡರು. “ಒನಕೆ ಅಲ್ಲ ಕಣ್ರೀ, ಮಂಚದ ಕಾಲು. ಮಂಚ ಆಮೇಲೆ ಬತ್ತದೆ,” ಎಂದು ಪಕ್ಕದವರು. ಮಾವನ ಕಿವಿ ಕೆಂಪಾಗಿತ್ತು. ಸಬ್‌ಇನ್‌ಸ್ಪೆಕ್ಟರು ಬೇರೆ ಜಿಲ್ಲೆಯವರು, ದಣಿದವರು, ಕೆಡುಕು ಬಯಸುವವರಲ್ಲ. ನಾನು ಸೋದರಸೊಸೆ, ಕಾನೂನು ಓದುವವಳು ಎಂದದ್ದೇ ತಡ, ಅವರಿಗೆ ಸಮಾಧಾನವಾಯಿತು.

“ನೋಡಿಮ್ಮ, ಇದು ಕೆಲಸ ಮಾಡಲ್ಲ ಅಂದ್ರೆ ಶೋಪೀಸು, ಮನೆಗೆ ತಗೊಂಡು ಹೋಗ್ಲಿ. ಮಾಡುತ್ತೆ ಅಂದ್ರೆ ನಾನು ಇಟ್ಕೊಬೇಕಾಗುತ್ತೆ. ಲೈಸೆನ್ಸ್ ಇಲ್ದೆ ಇಟ್ಕೊಂಡಿದ್ದಕ್ಕೆ ಮೇಲಿನವರಿಗೂ ಬರೀಬೇಕಾಗುತ್ತೆ, ವಾಪಸ್ ಯಾವಾಗ ಅಂತ ನಾನೂ ಹೇಳಕ್ಕಾಗಲ್ಲ. ಏನಂತೀರಿ?”

ಇಷ್ಟು ಸುಲಭದ ವಿಷಯ ಯಾವ ಸ್ಪರ್ಧೆಯಲ್ಲೂ ನನಗೆ ಬಂದಿರಲಿಲ್ಲ. ವರ್ಷಗಟ್ಟಲೆ ಮಾವನ ಹಾಲ್‌ನಲ್ಲಿ ಅಭ್ಯಾಸ ಮಾಡಿದ್ದನ್ನೆಲ್ಲ ಅಲ್ಲಿ ಸುರಿದೆ. ಮಂಚದ ಕಾಲು, ಮಿಷಿನ್ನಿನ ಸ್ಪ್ರಿಂಗು, ತೊಳೆದುಹೋದ ಅಕ್ಷರ, ಹದಿನಾರಿನ ಗದ್ದೆ, ಹಾರಿಹೋಗುವಷ್ಟೂ ಮರ್ಯಾದೆ ಕೊಡದ ಬೆಳ್ಳಕ್ಕಿ. ಇದು ಆಯುಧವಲ್ಲ, ಆಯುಧದ ವೇಷ ಹಾಕಿದ ಗುಜರಿ ಎಂದು ಸಾಧಿಸಿದೆ. ಬೆಂಚು ಹೊಟ್ಟೆ ಹಿಡಿದು ನಕ್ಕಿತು. ಸಬ್‌ಇನ್‌ಸ್ಪೆಕ್ಟರರೂ ನಕ್ಕರು. ನನ್ನ ಜೀವನದ ಅತ್ಯುತ್ತಮ ಭಾಷಣವದು. ಮಾವನನ್ನು ಉಳಿಸಲೆಂದೇ ಮಾಡಿದ್ದೆಂದು ಹೇಳಿಕೊಳ್ಳಬಹುದಾದರೂ, ಆ ನಗು ನನಗೆ ಹಿತವಾಗಿತ್ತೆಂಬುದನ್ನು ನಿಮ್ಮಿಂದ ಮುಚ್ಚಿಟ್ಟು ಪ್ರಯೋಜನವಿಲ್ಲ.

“ಸರಿ ಯಜಮಾನ್ರೇ, ಸೊಸೆ ಹೇಳಿದ್ದು ನಿಜ ತಾನೆ? ನೀವೂ ಒಂದು ಮಾತು ಬಾಯಲ್ಲಿ ಹೇಳ್ಬಿಡಿ, ಸಿಡಿಯಲ್ಲ ಅಂತ. ಎತ್ಕೊಂಡು ಹೊರಡಿ.”

ಮಾವ ಎದ್ದು ನಿಂತರು. ನಾನು ಅವರ ಮೊಣಕೈ ತಿವಿದೆ. ಅವರು ಬೆಂಚನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಜಮಖಾನವನ್ನು ಸರಿಸಿ, ನುಣುಪಾಗಿ ಉಜ್ಜಿದ ಆ ಹಿಡಿಯ ಮೇಲೆ ಒಮ್ಮೆ ಕೈಯಾಡಿಸಿದರು.

“ಸಿಡಿತದೆ ಸಾ,” ಎಂದರು.

“ಮಾವ!”

“ನೀ ಸುಮ್ನಿರಮ್ಮಿ. ಸಿಡಿತದೆ ಸಾ. ನಾನೇ ರಿಪೇರಿ ಮಾಡಿವ್ನಿ.”

ಬೆಂಚಿನ ನಗು ನಿಂತಿತು. ಸಬ್‌ಇನ್‌ಸ್ಪೆಕ್ಟರು ಇನ್ನೊಮ್ಮೆ ಯೋಚಿಸಿ ಹೇಳಿ ಎಂದರು. ಮಾವ ಅದನ್ನೇ ಇನ್ನೊಮ್ಮೆ ಹೇಳಿದರು. ಆಗ ಕಾನ್‌ಸ್ಟೇಬಲ್ ಬಂದು, ಒಳಗೆ ಮದ್ದಿದೆಯಾ ಎಂದು ತಗ್ಗಿದ ದನಿಯಲ್ಲಿ ಕೇಳಿ, ಇಲ್ಲವೆಂದ ಮೇಲೂ ನಂಬದೆ, ನಳಿಗೆಯ ಬಾಯಿಯನ್ನು ಎಲ್ಲರಿಂದ ಆಚೆ ಗೋಡೆಯ ಕಡೆಗೆ ತಿರುಗಿಸಿಕೊಂಡು, ಎರಡೂ ಕೈಯಲ್ಲಿ ಎತ್ತಿ ಒಳಗೆ ಒಯ್ದ. ಒನಕೆ ಎಂದಿದ್ದ ಗೌಡರು ಕಾಲು ಮಡಿಸಿಕೊಂಡು ಅವನಿಗೆ ದಾರಿ ಬಿಟ್ಟರು.

ಹೊರಗೆ ಬಂದ ಮೇಲೆ ನನ್ನ ಸಿಟ್ಟು ತಡೆಯಲಾಗಲಿಲ್ಲ. ಸಾಕ್ಷ್ಯವೆಲ್ಲ ನಮ್ಮ ಕಡೆಗಿತ್ತು, ತೀರ್ಪು ನಮ್ಮ ಕಡೆಗಿತ್ತು, ಗೆದ್ದ ವಾದವನ್ನು ಕಕ್ಷಿದಾರನೇ ಎದ್ದು ನಿಂತು ಸೋಲಿಸಿದ್ದನ್ನು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. “ನಾಳೆ ಕೇಸಾದ್ರೆ ಕೋರ್ಟಿಗೆ ಅಲೀತೀರಾ? ಒಂದು ಸುಳ್ಳು ಹೇಳಕ್ಕಾಗ್ಲಿಲ್ವಾ? ಸುಳ್ಳೂ ಅಲ್ಲ, ನಿಜ! ಅದು ಸಿಡಿಯಲ್ಲ ಅಂತ ನಿಮಗೂ ಗೊತ್ತು. ಈಗ ಕೋವಿ ಹೋಯ್ತಲ್ಲ ಮಾವ?”

ಮಾವ ಖಾಲಿ ಜಮಖಾನವನ್ನು ಅಂಗಡಿಯ ಬಟ್ಟೆಯಂತೆ ಅಂಚಿಗೆ ಅಂಚು ಕೂಡಿಸಿ ಮಡಿಸುತ್ತಿದ್ದರು.

“ಓಯ್ತು ಕಣಮ್ಮಿ,” ಎಂದರು. “ಕೋವಿ ಅಂತಾನೇ ಓಯ್ತಲ್ಲ.”