ಫೋಟೋದಂಚಿನ ಕೈ

ಮೂಗಿನ ಬುಡದ ಹಿಂದೆ, ಮೆದುಳಿನ ಕೆಳಗೆ, ಕಡಲೆಕಾಳಿನಷ್ಟು ದೊಡ್ಡದಾದ ಪಿಟ್ಯುಟರಿ ಗ್ರಂಥಿ ಇರುತ್ತದೆ. ನನ್ನ ಆ ಗ್ರಂಥಿಯಲ್ಲಿ ಒಂದು ಗಡ್ಡೆ ಬೆಳೆದಿತ್ತು. ಕ್ಯಾನ್ಸರ್ ಅಲ್ಲ, ನಿರಪಾಯಕಾರಿ ಗಡ್ಡೆ ಎಂದು ಬೆಳಗಾವಿಯ ಡಾಕ್ಟರು ಹೇಳಿದಾಗ ಮನೆಮಂದಿಯೆಲ್ಲ ದೇವರಿಗೆ ಕೈ ಮುಗಿದರು. ನಿರಪಾಯಕಾರಿ ಎಂದು ಹೆಸರಿಟ್ಟ ಪುಣ್ಯಾತ್ಮ ಯಾರೋ, ಎದುರಿಗೆ ಸಿಕ್ಕರೆ ಒಂದು ಮಾತು ಕೇಳಬೇಕಿದೆ. ಆ ಗಡ್ಡೆ ವರ್ಷಗಟ್ಟಲೆ ಕೂತಲ್ಲೇ ಕೂತು ನನ್ನ ಕೈಕಾಲು, ದವಡೆ, ಮೂಗು, ತುಟಿ ಎಲ್ಲವನ್ನೂ ದಪ್ಪ ಮಾಡಿತು. ಕಡೆಗೆ ಕಣ್ಣಿನ ನರ ಒತ್ತಿ ಎರಡೂ ಪಕ್ಕದ ನೋಟ ತಿಂದಿತು. ಮೂಗಿನೊಳಗಿಂದ ಆಪರೇಷನ್ ಮಾಡಿ ಗಡ್ಡೆ ತೆಗೆದರು. ನೋಟ ತಿರುಗಿ ಬರಲಿಲ್ಲ. ಎದುರಿನದು ಕಾಣುತ್ತದೆ, ಬಾಜೂದ್ದು ಕಾಣುವುದಿಲ್ಲ.

“ಒಂದೆರಡು ವರ್ಷ ಮೊದಲ ಬಂದಿದ್ರ ಕಣ್ಣು ಉಳೀತಿದ್ವು” ಅಂದರು ಡಾಕ್ಟರು. ಆ ಮಾತನ್ನು ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಮೊದಲೇ ಯಾರಿಗಾದರೂ ತಿಳಿಯಬಹುದಿತ್ತೇ? ಅದೊಂದೇ ನನ್ನ ತಲೆಯಲ್ಲಿ ಕೊರೆಯತೊಡಗಿತು.

ಗುರುತುಗಳೇನೋ ಇದ್ದವು. ಉಂಗುರ ಬೆರಳಲ್ಲಿ ಸಿಕ್ಕಿಕೊಂಡು, ಸಾಬೂನು ಹಚ್ಚಿದರೂ ಬಾರದೆ, ಟಿಳಕವಾಡಿಯ ಅಕ್ಕಸಾಲಿ ಪತ್ತಾರನ ಹತ್ತಿರ ಕತ್ತರಿಸಿ ತೆಗೆಸಿದ್ದೆ. ಹೆಂಗಸರ ಚಪ್ಪಲಿ ಹಿಡಿಸದೆ ಗಂಡಸರದ್ದು ಹಾಕುತ್ತಿದ್ದೆ. ದನಿಯೂ ದಪ್ಪಾಗಿ, ಫೋನ್ ಎತ್ತಿದರೆ “ಸಾಹೇಬ್ರ, ಅಕ್ಕಾರು ಮನ್ಯಾಗ ಅದಾರೇನ್ರಿ?” ಎಂದು ನನ್ನನ್ನೇ ಕೇಳುತ್ತಿದ್ದರು. ಅತ್ತೆ ನಗುತ್ತಿದ್ದರು: “ನಮ್ಮನಿ ನೀರು ಮೈಗೆ ಛಲೋ ಹತ್ತೈತಿ.” ನಾನೂ ನಗುತ್ತಿದ್ದೆ, ಹುಚ್ಚಿ.

ತವರು ಖಾನಾಪುರ. ಒಮ್ಮೆ ಅಲ್ಲಿ ಅಣ್ಣನ ಜೊತೆ ಸಂತೆಗೆ ಹೋಗಿದ್ದೆ. ಸಾಲಿಯಲ್ಲಿ ನನ್ನ ಬಾಜೂಕ್ಕೇ ಕೂತು ಕಲಿತವಳು ಎದುರಾದಳು. ನನ್ನ ಮೇಲೆ ಒಮ್ಮೆ ಕಣ್ಣಾಡಿಸಿ ಅಣ್ಣನನ್ನು ಕೇಳಿದಳು: “ನಿಮ್ಮ ತಂಗಿ ಹ್ಯಾಂಗದಾಳ್ರಿ? ಈ ಕಡೆ ಬರೂದ ಬಿಟ್ಟಾಳಲ್ಲ.” ಕಾಯಿಪಲ್ಯದ ಚೀಲ ಹಿಡಿದು ನಾನು ಅಲ್ಲೇ ನಿಂತಿದ್ದೆ. ಅಣ್ಣ ತಿರುಗಿ ನನ್ನ ಮುಖವನ್ನೇ ನೋಡಿದ. ಮರುದಿನ ಅವನೇ ನನ್ನನ್ನು ಬೆಳಗಾವಿಯ ದೊಡ್ಡ ದವಾಖಾನೆಗೆ ಕರೆತಂದ. ರೋಗ ಸಿಕ್ಕಿದ್ದು ಹೀಗೆ.

“ದಿನಾ ನೋಡೂ ಮಾರಿ, ನಮಗ ಹ್ಯಾಂಗ ಗೊತ್ತಾಗಬೇಕು?” ಅಂದರು ನನ್ನ ಗಂಡ. ಇಂಥ ಗಡ್ಡೆಗಳ ಮೇಲೆ ಸಂಶೋಧನೆ ಮಾಡುತ್ತಿದ್ದ ಲೇಡಿ ಡಾಕ್ಟರೂ ಅದನ್ನೇ ಹೇಳಿದರು. ಬದಲಾವಣೆ ಉಗುರು ಬೆಳೆದಷ್ಟು ನಿಧಾನ, ಮನೆಯವರಿಗೆ ತಿಳಿಯುವುದಿಲ್ಲವಂತೆ. ನಾನು ನಂಬಿದೆ. ನಂಬಿದ್ದಷ್ಟೇ ಅಲ್ಲ, “ನೀವರ ಏನ್ ಮಾಡ್ತೀರಿ ಬಿಡ್ರಿ” ಎಂದು ಗಂಡನಿಗೇ ಸಮಾಧಾನ ಹೇಳಿದೆ.

ಆ ಡಾಕ್ಟರು ನನ್ನ ಹಳೆಯ ಫೋಟೋಗಳನ್ನು ಕೇಳಿದರು, ವರ್ಷಕ್ಕೊಂದರಂತೆ. ಮುಖ ಯಾವ ವರ್ಷದಿಂದ ಬದಲಾಯಿತು, ರೋಗ ಶುರುವಾದ ಮೇಲೆ ಎಷ್ಟು ತಡವಾಗಿ ಸಿಕ್ಕಿತು ಎಂಬುದನ್ನು ಅವರು ಫೋಟೋ ಜೋಡಿಸಿ ನೋಡುತ್ತಿದ್ದರು. ಫೋಟೋಗಳಿಗೇನು ಬರವೇ, ತರುತ್ತೇನೆ ಅಂದೆ.

ಮನೆಗೆ ಬಂದು ಮಗಳ ಜೊತೆ ಹುಡುಕಲು ಕೂತೆ. ಮದುವೆಯ ಆಲ್ಬಮ್ಮಿನಲ್ಲಿದ್ದೆ. ಮಗಳ ಬಾಲ್ಯದ ಫೋಟೋಗಳಲ್ಲೂ ಇದ್ದೆ. ಕಡೆಯ ನಾಲ್ಕೈದು ವರ್ಷದ್ದರಲ್ಲಿ ನಾನೇ ಇಲ್ಲ. ಗಣಪತಿ ಹಬ್ಬ, ಮೈದುನನ ಮನೆಯಲ್ಲಿ ಕೂಸಿನ ಕೂದಲು ತೆಗೆಸಿದ ಜಾವಳ, ಎಲ್ಲದರಲ್ಲೂ ಎಲ್ಲರೂ ಇದ್ದಾರೆ. ತೆಗೆದವಳು ನಾನು. “ನೀ ಭಾಳ ಛಲೋ ತಗೀತಿ, ನೀನ ತಗಿ” ಎಂದು ಗಂಡ ಫೋನನ್ನು ಕೈಗಿಡುತ್ತಿದ್ದರು, ನಾನು ಉಬ್ಬುತ್ತಿದ್ದೆ.

ಮಗಳು ಅಪ್ಪನ ಫೋನಿನಲ್ಲೂ ಹುಡುಕಿದಳು. ಬೇರೆಯವರು ತೆಗೆದ ಒಂದಷ್ಟು ಫೋಟೋಗಳಲ್ಲಿ ನಾನಿದ್ದೆ. ಆದರೆ ಬಳಗದವರ ವಾಟ್ಸಾಪ್ ಗ್ರೂಪಿಗೆ ಗಂಡ ಕಳಿಸಿದ್ದ ಅವೇ ಫೋಟೋಗಳಲ್ಲಿ ನನ್ನನ್ನು ಕತ್ತರಿಸಿದ್ದರು. ಒಂದರಲ್ಲಿ ಅತ್ತೆ ಕುರ್ಚಿಯ ಮೇಲೆ ಕೂತಿದ್ದಾರೆ, ಅವರ ಹೆಗಲ ಮೇಲೆ ದಪ್ಪ ಬೆರಳಿನ ಒಂದು ಕೈ. ಕೈಯಿಂದಾಚೆ ಫೋಟೋ ಮುಗಿದಿದೆ. ಮಗಳು “ಅವ್ವಾ” ಎಂದು ಫೋನನ್ನು ನನ್ನ ಕೈಗಿಟ್ಟಳು. ನನ್ನ ಮೈಯೆಲ್ಲ ಉರಿದುಹೋಯಿತು.

ಸಂಜೆ ಗಂಡನ ಮುಂದೆ ಫೋನ್ ಹಿಡಿದೆ. “ನನ್ನ ಯಾಕ ಕತ್ತರಿಸಿದ್ರಿ?”

ಫೋನನ್ನು ಪಕ್ಕಕ್ಕೆ ಸರಿಸಿ ಹೇಳಿದರು: “ನಿನ್ನ ಹೆಂಡ್ತಿ ಮಾರಿಗೆ ಏನಾಗೇತಿ ಅಂತ ಮಂದಿ ಕೇಳಾಕ ಹತ್ತಿದ್ರು. ನಿನಗ ಹೇಳಿದ್ರ ಬ್ಯಾಸರ ಮಾಡ್ಕೋತಿದ್ದಿ.”

“ಬ್ಯಾಸರ ನನಗೋ, ನಿಮಗೋ?”

“ಆತ ಬಿಡು. ಆದದ್ದು ಆಗಿ ಹೋತು.”

ಅಂಗೈ ಹುಣ್ಣಿಗೆ ಕನ್ನಡಿ ಬೇಡವಂತೆ. ಸ್ವಂತ ಮುಖಕ್ಕೆ ಬೇಕೇ ಬೇಕು, ಆದರೆ ಕನ್ನಡಿಯಲ್ಲಿ ನಾನು ನೋಡುತ್ತಿದ್ದುದು ಕುಂಕುಮ ಓರೆಯಾಗಿದೆಯೋ ಇಲ್ಲವೋ ಅಷ್ಟನ್ನೇ. ಇವರು ನೋಡಿದ್ದರು. ಮಂದಿಯೂ ಇವರಿಗೆ ಹೇಳಿದ್ದರು. ನಿನ್ನ ಮುಖ ಯಾಕೋ ಬದಲಾಗಿದೆ, ಡಾಕ್ಟರಿಗೆ ತೋರಿಸೋಣ ಎಂಬ ಒಂದು ಮಾತು ಇವರ ಬಾಯಿಂದ ಬಂದಿದ್ದರೆ ನನ್ನ ಕಣ್ಣು ಉಳಿಯುತ್ತಿದ್ದವು. ರೋಗ ಬಂದದ್ದಕ್ಕೆ ನಾನು ಯಾರನ್ನೂ ಬೈಯುವುದಿಲ್ಲ. ಇದನ್ನು ಮಾತ್ರ ಸಾಯುವ ತನಕ ಕ್ಷಮಿಸಲಾರೆ.

ಹಳೆಯ ಫೋಟೋಗಳ ಜೊತೆಗೆ ಇಡೀ ಫೋಟೋ, ಕತ್ತರಿಸಿದ ಫೋಟೋ, ಎರಡನ್ನೂ ಆ ಲೇಡಿ ಡಾಕ್ಟರಿಗೆ ಒಯ್ದೆ. ರಸ್ತೆ ದಾಟಲು ನನಗೊಬ್ಬರು ಬೇಕು, ಅದಕ್ಕೇ ಗಂಡನೂ ಬಂದಿದ್ದರು. ಡಾಕ್ಟರು ಎಲ್ಲವನ್ನೂ ಮೇಜಿನ ಮೇಲೆ ಸಾಲಾಗಿ ಹರಡಿ, ಮುಖ ಬದಲಾಗಿ ಐದು ವರ್ಷವಾಗಿರಬೇಕು ಅಂದರು. ಆಮೇಲೆ ಕೇಳಿದರು: “ಹೊಸಾ ಡಾಕ್ಟರಿಗೆ ಕಲಿಸೂ ಮುಂದ ಇವನ್ನ ತೋರಸಬಹುದೇನ್ರಿ? ಗುರುತು ಸಿಗದಂಗ ಕಣ್ಣಿನ ಮ್ಯಾಲೆ ಕರೀ ಪಟ್ಟಿ ಹಾಕ್ತೀವಿ.”

ನಾನು ಬಾಯಿ ತೆರೆಯುವ ಮೊದಲೇ ಗಂಡ ಹೇಳಿದರು: “ಪೂರಾ ಮಾರೀನ ಮುಚ್ಚಿಬಿಡ್ರಿ ಮೇಡಂ. ನಾಕ ಮಂದಿ ನೋಡ್ತಾರ.”

“ಏನೂ ಮುಚ್ಚಬ್ಯಾಡ್ರಿ” ಅಂದೆ. “ಮನಿಯವರು ನೋಡಿ ಸುಮ್ಮನ ಕುಂತ್ರು. ಹೊರಗಿನವರರ ನೋಡ್ಲಿ. ನೋಡಿ, ಇನ್ಯಾವಕಿಗರ ಹೊತ್ತಿಗೆ ಸರಿಯಾಗಿ ಹೇಳ್ಲಿ.”

ಡಾಕ್ಟರು ತಲೆ ತಗ್ಗಿಸಿ ಫೋಟೋಗಳನ್ನು ಒಟ್ಟು ಮಾಡಿದರು. ನನ್ನ ಎಡಕ್ಕೆ ಕುರ್ಚಿ ಸರಿದ ಸಪ್ಪಳವಾಯಿತು, ಬಾಗಿಲು ತೆರೆದು ಮುಚ್ಚಿತು. ಗಂಡ ಎದ್ದು ಹೋದದ್ದು ನನಗೆ ಕಾಣಲಿಲ್ಲ.